ಹೆಡ್ ಸಾಹೇಬರ ಪಂಚೆ ಮತ್ತು ಗಾಳಿಯ ವೇಗ

ಕಣ್ಣಿಗೆ ಕಾಣದ್ದನ್ನು ಅಳೆಯುವ ನೌಕರಿ ಸಿಕ್ಕಿದವರು ನಗುವುದಕ್ಕೆ ಬೇರೆ ದಾರಿ ಹುಡುಕಬೇಕಾಗಿಲ್ಲ. ಪ್ರಸಂಗಗಳು ತಾವಾಗಿಯೇ ವಿಳಾಸ ವಿಚಾರಿಸಿಕೊಂಡು ಬರುತ್ತವೆ. ನಾನು ಅಳೆಯುತ್ತಿದ್ದದ್ದು ಗಾಳಿಯನ್ನು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಸಾಗರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ. ಕಾಲೇಜಿನ ಹೆಸರು ಬೇಡ. ಅಲ್ಲಿ ಓದಿದ ಎಷ್ಟೋ ಜನ ಈಗ ಸೇತುವೆ ಕಟ್ಟುತ್ತಿದ್ದಾರೆ, ಓಡಾಡುವವರು ಸುಮ್ಮನೆ ಗಾಬರಿಯಾಗುತ್ತಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲೂಕಿನ ಹುಡುಗರೂ ಅಲ್ಲಿಗೆ ಬರುತ್ತಿದ್ದರು. ಅವರಿಗೆ ಗಾಳಿಯ ಒತ್ತಡ ಮತ್ತು ವೇಗ ಅಳೆಯುವುದನ್ನು ಕಲಿಸುವುದು ನನ್ನ ಕೆಲಸ. ಹುಡುಗರು ನನ್ನನ್ನು ಗಾಳಿ ಮೇಡಂ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ನನಗೆ ಚೆನ್ನಾಗಿ ಕೇಳಿಸುವಷ್ಟು ಹತ್ತಿರದ ಬೆನ್ನ ಹಿಂದೆ.

ನನ್ನ ಯಜಮಾನರು ಹೊಸನಗರದಲ್ಲಿ ಹೈಸ್ಕೂಲು ಮೇಷ್ಟ್ರು. ಮದುವೆಯಾದ ಮೇಲೆ ನಾಲ್ಕು ವರ್ಷ ಅವರು ಹೊಸನಗರದಲ್ಲಿ, ನಾನು ರಾಯಚೂರು ಕಡೆ ಒಂದು ಕಾಲೇಜಿನಲ್ಲಿ. ಸಂಸಾರವೆಲ್ಲ ಇನ್‌ಲ್ಯಾಂಡ್ ಲೆಟರಿನಲ್ಲೇ ನಡೆಯುತ್ತಿತ್ತು. ಅಷ್ಟರಲ್ಲಿ ಸಾಗರದ ಕಾಲೇಜಿಗೆ ಗಾಳಿ ಅಳೆಯುವ ಯಂತ್ರ ಮಂಜೂರಾಯಿತು, ಯಂತ್ರದ ಜೊತೆಗೆ ಒಂದು ಹುದ್ದೆಯೂ ಬಂತು, ಆ ಹುದ್ದೆಗೆ ನಾನು ಬಂದೆ. ಷರತ್ತು ಒಂದೇ. ಎರಡು ವರ್ಷದೊಳಗೆ ಕಮಿಟಿ ಬಂದು ನೋಡುತ್ತದೆ. ಯಂತ್ರ ಸರಿಯಾಗಿ ಅಳೆಯುತ್ತಿದ್ದರೆ ಇಲ್ಲೇ ಇರುತ್ತದೆ. ಇಲ್ಲದಿದ್ದರೆ ಬಯಲುಸೀಮೆಯ ಇನ್ನೊಂದು ಕಾಲೇಜಿಗೆ ಹೋಗುತ್ತದೆ, ಅದರ ಹಿಂದೆಯೇ ಹುದ್ದೆ, ಹುದ್ದೆಯ ಹಿಂದೆಯೇ ನಾನು. ಅಗ್ನಿಸಾಕ್ಷಿಯಾಗಿ ಆದ ಮದುವೆ ಹೀಗೆ ಒಂದು ಫ್ಯಾನಿನ ಮೇಲೆ ನಿಂತಿತ್ತು.

ಯಂತ್ರ ಎಂದರೆ ಮಹಾ ಏನಲ್ಲ. ಉದ್ದನೆಯ ತಗಡಿನ ಪೆಟ್ಟಿಗೆ, ಒಂದು ತುದಿಯಲ್ಲಿ ದೊಡ್ಡ ಫ್ಯಾನು. ಪೆಟ್ಟಿಗೆಯ ನಡುವೆ ಗಾಳಿಗೆ ಎದುರಾಗಿ ಮೂತಿ ಇಟ್ಟುಕೊಂಡು ನಿಂತ ಸಪೂರ ಕೊಳವೆ, ಅದಕ್ಕೆ ಪಿಟಾಟ್ ಟ್ಯೂಬ್ ಅನ್ನುತ್ತಾರೆ. ಅದರಿಂದ ಒಂದು ರಬ್ಬರ್ ನಳಿಗೆ ಹೊರಗೆ ಬಂದು, ಓರೆಯಾಗಿ ಮಲಗಿಸಿದ ಗಾಜಿನ ಕೊಳವೆಗೆ ಸೇರುತ್ತದೆ. ಗಾಳಿ ಒತ್ತಿದಷ್ಟೂ ಗಾಜಿನಲ್ಲಿ ಬಣ್ಣದ ನೀರು ಮೇಲೇರುತ್ತದೆ. ಎಷ್ಟು ಏರಿತು ಎಂದು ನೋಡಿದರೆ ಗಾಳಿಯ ವೇಗ ಗೊತ್ತಾಗುತ್ತದೆ. ಇಷ್ಟಕ್ಕೆ ಒಂದು ಕೋಣೆ, ಒಬ್ಬ ಅಟೆಂಡರ್, ನಾನು, ಮತ್ತು ನಮ್ಮಿಬ್ಬರನ್ನೂ ಕಾಯಲು ಒಬ್ಬರು ಹೆಡ್.

ಒಣಗುವ ಪ್ರಯೋಗ

ಯಂತ್ರ ಕೊಂಡವರು ಕೋಣೆ ನೋಡಿರಲಿಲ್ಲ, ಕೋಣೆ ಕಟ್ಟಿದವರು ಯಂತ್ರ ನೋಡಿರಲಿಲ್ಲ. ಇಬ್ಬರೂ ಸರ್ಕಾರದವರೇ ಆದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಪೆಟ್ಟಿಗೆ ಕೋಣೆಗಿಂತ ಉದ್ದವಾಯಿತು. ನಮ್ಮ ಹೆಡ್ ಸಾಹೇಬರು ಒಂದು ದಿನ ಯೋಚಿಸಿ, ಗೋಡೆಗೆ ತೂತು ಹೊಡೆಸಿದರು. ಫ್ಯಾನು ಲ್ಯಾಬಿನಲ್ಲಿ ಉಳಿಯಿತು, ಗಾಳಿ ಹೊರಬರುವ ಬಾಯಿ ಪಕ್ಕದ ಸ್ಟಾಫ್ ರೂಮಿಗೆ ಹೋಯಿತು. ಗೋಡೆಯ ನಡುವೆ ಬಾಗಿಲೂ ಇದ್ದದ್ದರಿಂದ, ಲ್ಯಾಬಿನಲ್ಲಿ ನಿಂತರೆ ಆ ಬಾಯಿಯೂ ಕಾಣುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ತೊಳೆದ ಬಟ್ಟೆ ಒಣಗುವುದು ನವರಾತ್ರಿಗೆ. ಮೊದಲು ಯಾರೋ ಒಬ್ಬರು ಆ ಬಾಯಿಗೆ ಒಂದು ಕರವಸ್ತ್ರ ಹಿಡಿದರು. ಮಾರನೆ ದಿನ ಕಾಲುಚೀಲ ಬಂತು. ವಾರದೊಳಗೆ ಅಡ್ಡಕ್ಕೆ ಒಂದು ಹಗ್ಗವೇ ಬಂತು. ಹೆಡ್ ಸಾಹೇಬರ ಊರು ನಿಟ್ಟೂರಿನ ಕಡೆ. ವಾರವೆಲ್ಲ ಸಾಗರದ ಬಾಡಿಗೆ ಮನೆಯಲ್ಲಿದ್ದರೂ ಊರಿನ ಅಭ್ಯಾಸ ಬಿಟ್ಟಿರಲಿಲ್ಲ: ಮಳೆಗಾಲದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಪ್ಯಾಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಬಂದು, ಸ್ಟಾಫ್ ರೂಮಿನಲ್ಲಿ ಪ್ಯಾಂಟು ಏರಿಸುವುದು. ಸಂಜೆ ಮತ್ತೆ ಪಂಚೆ. ಆ ಪಂಚೆ ಬೆಳಗಿನಿಂದ ಸಂಜೆಯವರೆಗೆ ನಮ್ಮ ಯಂತ್ರದ ಬಾಯಿಯಲ್ಲಿ ಪಟಪಟ ಅನ್ನುತ್ತಿತ್ತು.

ಇದರಿಂದ ವಿಜ್ಞಾನಕ್ಕೆ ಒಂದು ಹೊಸ ಸಂಗತಿ ಸಿಕ್ಕಿತು. ಬೆಳಿಗ್ಗೆ ಅಳೆದರೆ ಗಾಳಿಯ ವೇಗ ಕಡಿಮೆ, ಮಧ್ಯಾಹ್ನ ಜಾಸ್ತಿ, ಸಂಜೆ ಹೊತ್ತಿಗೆ ಪುಸ್ತಕದಲ್ಲಿ ಹೇಳಿದಷ್ಟೇ. ಒದ್ದೆ ಬಟ್ಟೆ ಬಾಯಿಗೆ ಅಡ್ಡವಾದರೆ ಗಾಳಿ ತಾನೇ ಏನು ಮಾಡೀತು. ನಾನು ಹೆಡ್ ಸಾಹೇಬರ ಹತ್ತಿರ ಹೋಗಿ, ಕಮಿಟಿ ಬಂದಾಗ ಹೀಗಾದರೆ ನನ್ನ ಗತಿ ಏನು ಸಾರ್ ಎಂದೆ. ಅವರು, ಪ್ರಯೋಗಾಲಯ ಅನ್ನುವುದು ಸಮಾಜಕ್ಕೆ ಉಪಯೋಗವಾಗಬೇಕು ಮೇಡಂ ಎಂದು ಭಾಷಣ ಮಾಡಿದರು. ಸಮಾಜ ಅಂದರೆ ಸ್ಟಾಫ್ ರೂಮಿನ ಏಳೆಂಟು ಜನ.

ಪ್ರಯೋಗದ ಕೊನೆಗೆ ರೆಕಾರ್ಡಿನಲ್ಲಿ, ಉತ್ತರ ತಪ್ಪಲು ಇರಬಹುದಾದ ಕಾರಣಗಳನ್ನು ಬರೆಯಬೇಕು. ಮೇಗರವಳ್ಳಿಯಿಂದ ಬಂದಿದ್ದ ಒಬ್ಬ ಹುಡುಗ ಪ್ರಾಮಾಣಿಕವಾಗಿ ಬರೆದ: ಒಂದು, ನೋಡುವವರ ಕಣ್ಣಿನ ದೋಷ. ಎರಡು, ಗಾಜಿನ ಕೊಳವೆಯ ಓರೆ ಸರಿಯಿಲ್ಲದಿರುವುದು. ಮೂರು, ಹೆಡ್ ಸಾಹೇಬರ ಪಂಚೆ. ರೆಕಾರ್ಡಿಗೆ ಕೊನೆಯ ಸಹಿ ಹೆಡ್ ಸಾಹೇಬರದ್ದೇ. ಹುಡುಗನ ಕತೆ ಮುಗಿಯಿತು ಅಂದುಕೊಂಡೆ. ಅವರು ಪೂರ್ತಿ ಓದಿ, ಕೆಂಪು ಪೆನ್ನು ತೆಗೆದು, 'ಪಂಚೆ'ಯ ಹಿಂದೆ 'ಒದ್ದೆ' ಎಂದು ಸೇರಿಸಿ, ಒಣಗಿದ ಮೇಲೆ ದೋಷವಿಲ್ಲ ಎಂದು ಷರಾ ಬರೆದು ಸಹಿ ಹಾಕಿದರು.

ಉಲ್ಟಾ ಗಾಳಿ

ಅದೇ ಮಳೆಗಾಲದಲ್ಲಿ ಒಂದು ಸಿಡಿಲಿಗೆ ನಮ್ಮ ಮೇನ್ ಸ್ವಿಚ್ಚು ಸುಟ್ಟಿತು. ಲೈನ್‌ಮನ್ ಬಂದು ಸರಿ ಮಾಡಿ ಹೋದ. ನಾನು ಆಗ ರಜೆ ಹಾಕಿ ಹೊಸನಗರದಲ್ಲಿದ್ದೆ. ಫ್ಯಾನಿಗೆ ಬರುವುದು ಮೂರು ತಂತಿ. ಅದರಲ್ಲಿ ಎರಡು ಅದಲು ಬದಲಾದರೆ ಫ್ಯಾನು ಹಿಂದುಮುಂದಾಗಿ ತಿರುಗುತ್ತದೆ. ಅದಲು ಬದಲಾಗಿತ್ತು. ಊದಬೇಕಾದ ಯಂತ್ರ ಎಳೆಯತೊಡಗಿತು. ಗಾಜಿನಲ್ಲಿ ನೀರು ಮೇಲೇರುವ ಬದಲು ಸೊನ್ನೆಗಿಂತ ಕೆಳಗೆ ಇಳಿಯಬೇಕು, ಯಾರಿಗಾದರೂ ಕಾಣುವಂಥದ್ದೇ. ಹೆಡ್ ಸಾಹೇಬರ ಮೇಲ್ವಿಚಾರಣೆಯಲ್ಲಿ ಒಂದು ಬ್ಯಾಚು ಪ್ರಯೋಗ ಮುಗಿಸಿತು. ಯಾರಿಗೂ ಏನೂ ಕಾಣಲಿಲ್ಲ.

ನಾನು ರಜೆಯಿಂದ ಬಂದ ದಿನ ಸ್ಟಾಫ್ ರೂಮಿನಿಂದ ಕೂಗು ಕೇಳಿಸಿತು. ಹೆಡ್ ಸಾಹೇಬರಿಗೆ ಸಿಟ್ಟು ಬಂದರೆ ಮನೆಮಾತು ಬರುತ್ತಿತ್ತು.

"ಎಂತಾತು ಇದಕ್ಕೆ? ಪಂಚೆ ಒಳಗೆ ಹೋತು."

ಹೋಗಿ ನೋಡಿದರೆ ಪಂಚೆಯ ಅರ್ಧ ಯಂತ್ರದ ಬಾಯೊಳಗೆ, ಇನ್ನರ್ಧ ಹೆಡ್ ಸಾಹೇಬರ ಕೈಯಲ್ಲಿ. ಇಬ್ಬರೂ ಬಿಡಲೊಲ್ಲರು. ನಾನು ಓಡಿ ಹೋಗಿ ಸ್ವಿಚ್ಚು ಆರಿಸಿದೆ. ಆಗ ಗೊತ್ತಾಯಿತು, ಮೂರು ದಿನದಿಂದ ನಮ್ಮ ಕಾಲೇಜಿನಲ್ಲಿ ಗಾಳಿ ಹಿಂದಕ್ಕೆ ಹೋಗುತ್ತಿದೆ ಎಂದು.

ನಾನು ಗಾಬರಿಯಾಗಿ ಆ ಬ್ಯಾಚಿನ ರೆಕಾರ್ಡುಗಳನ್ನು ತರಿಸಿದೆ. ಎಲ್ಲರದ್ದೂ ಒಂದೇ ಉತ್ತರ, ಅದೂ ಬಹಳ ಚೆಂದದ ಉತ್ತರ. ಶಿವಮೊಗ್ಗದಲ್ಲಿ ಓದುತ್ತಿದ್ದ ಯಾರದೋ ಅಣ್ಣನ ರೆಕಾರ್ಡಿನಿಂದ ಬಂದದ್ದು. ಆ ಕಾಲೇಜಿನ ಯಂತ್ರವೇ ಬೇರೆ, ಕೊಳವೆಯ ಅಳತೆಯೇ ಬೇರೆ. ನಾನು ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಾಳಿ ಹಿಂದಕ್ಕೆ ಹೋಗುವಾಗ ಈ ಉತ್ತರ ಹೇಗೆ ಬಂತು ಹೇಳಿ ಎಂದೆ. ಎಲ್ಲರೂ ನೆಲ ನೋಡಿದರು. ಪಂಚೆಯ ಬಗ್ಗೆ ಬರೆದಿದ್ದ ಆ ಮೇಗರವಳ್ಳಿಯ ಹುಡುಗ ಮಾತ್ರ ತಲೆಯೆತ್ತಿದ.

"ಉತ್ತರ ಮೊದ್ಲೇ ಗೊತ್ತಿದ್ಮೇಲೆ ಫ್ಯಾನ್ ಯಾಕೆ ಹಾಕೋದು ಮೇಡಂ? ಕರೆಂಟ್ ದಂಡ."

ಹುಳ ಇದ್ದಾಗಿನ ಸಮೀಕರಣ

ಬೇಸಿಗೆ ರಜೆ ಮುಗಿಸಿ ಬಂದು ಫ್ಯಾನು ಹಾಕಿದರೆ ಗಾಜಿನಲ್ಲಿ ನೀರು ಅಲ್ಲಾಡಲಿಲ್ಲ. ಗಾಳಿ ಮಾತ್ರ ಜೋರಾಗಿಯೇ ಬರುತ್ತಿತ್ತು, ಮುಖ ಒಡ್ಡಿದರೆ ಕಣ್ಣು ಮುಚ್ಚಬೇಕು. ಆದರೆ ಅಳತೆ ಸೊನ್ನೆ. ಕಮಿಟಿ ಯಾವಾಗ ಬೇಕಾದರೂ ಬರಬಹುದು ಎಂಬ ಸುದ್ದಿ ಆಗಲೇ ಬಂದಿತ್ತು. ಯಜಮಾನರು ಹೊಸನಗರ ಬಿಟ್ಟು ಎರಡೂ ಊರಿನ ನಡುವೆ ಬಸ್ಸು ನಿಲ್ಲುವ ಜಾಗದಲ್ಲಿ ಮನೆ ಹಿಡಿದು, ಅಡುಗೆಮನೆಗೆ ಹಲಗೆ ಬಡಿಸಿ ಮುಗಿಸಿದ್ದರು. ಮತ್ತೆ ಇನ್‌ಲ್ಯಾಂಡ್ ಲೆಟರಿಗೆ ಹೋಗುವ ಶಕ್ತಿ ನನಗಿರಲಿಲ್ಲ.

ಹೆಡ್ ಸಾಹೇಬರು ಧೈರ್ಯ ಹೇಳಿದರು. ಯಂತ್ರದಲ್ಲಿ ದೋಷವಿಲ್ಲ, ಇದರ ಹಿಂದೆ ತತ್ವವಿದೆ ಎಂದರು. ಹುಡುಗರನ್ನು ಕೂರಿಸಿ, ಬೋರ್ಡು ಒರೆಸಿ, ಒಂದು ಪೀರಿಯಡ್ ಪೂರ್ತಿ ಸಮೀಕರಣ ಬರೆದರು. ಮಲೆನಾಡಿನ ಗಾಳಿಯಲ್ಲಿ ತೇವ ಹೆಚ್ಚು, ತೇವದಿಂದ ಹೀಗಾಗುತ್ತದೆ, ಹೀಗಾದದ್ದರಿಂದ ಹಾಗಾಗುತ್ತದೆ. ಬೋರ್ಡಿನ ಎಡಮೂಲೆಯಿಂದ ಹೊರಟು ಬಲಮೂಲೆಗೆ ಬರುವಷ್ಟರಲ್ಲಿ ಉತ್ತರ ಸೊನ್ನೆ ಎಂದು ಸಾಧಿಸಿಯೇಬಿಟ್ಟರು. ಹುಡುಗರು ಬರೆದುಕೊಂಡರು. ನಾನೂ ಅರ್ಧ ನಂಬಿದೆ. ಸೊನ್ನೆ ಬರುವುದೇ ಸರಿ ಎಂದಾದರೆ ನನ್ನ ನೌಕರಿ ಉಳಿಯುತ್ತದಲ್ಲ ಎಂಬ ಆಸೆ.

ಕ್ಲಾಸು ಮುಗಿದ ಮೇಲೆ ಮನಸ್ಸು ತಡೆಯದೆ ಪಿಟಾಟ್ ಟ್ಯೂಬನ್ನು ಬಿಚ್ಚಿ ನೋಡಿದೆ. ಮೂತಿಯ ತೂತಿನಲ್ಲಿ ಮಣ್ಣು ಮೆತ್ತಿಕೊಂಡಿತ್ತು. ತಲೆಯ ಹೇರ್‌ಪಿನ್ ತೆಗೆದು ಕೆದಕಿದೆ. ಮಣ್ಣಿನ ಹಿಂದೆ ಒಂದು ಕುಂಬಾರ ಹುಳ, ಅದರ ಹಿಂದೆ ಅದರ ಸಂಸಾರ. ನಾವು ರಜೆಯಲ್ಲಿದ್ದಾಗ ಅದು ಮನೆ ಕಟ್ಟಿಕೊಂಡಿತ್ತು. ಪಾಪ, ಅದಕ್ಕೂ ಒಂದೇ ಊರಲ್ಲಿ ಸಂಸಾರ ಮಾಡುವ ಆಸೆ ಇದ್ದಿರಬೇಕು. ಅದನ್ನು ಕಿಟಕಿಯಾಚೆ ಬಿಟ್ಟು ಫ್ಯಾನು ಹಾಕಿದೆ. ನೀರು ಸರ್ರನೆ ಮೇಲೇರಿತು.

ಹೆಡ್ ಸಾಹೇಬರನ್ನು ಕರೆದು ತೋರಿಸಿದೆ. ಅವರು ಗಾಜನ್ನು ನೋಡಿದರು, ಹೇರ್‌ಪಿನ್ ನೋಡಿದರು, ಇನ್ನೂ ಒರೆಸದ ಬೋರ್ಡನ್ನು ನೋಡಿದರು. ಒಂದು ಚೂರೂ ಅಳುಕದೆ ಹೇಳಿದರು:

"ಸಮೀಕರಣ ಸರಿಯಾಗೇ ಇದೆ ಮೇಡಂ. ಅದು ಹುಳ ಇದ್ದಾಗಿಂದು."

ಮನೆಯಲ್ಲೂ ಇದ್ದ ಗಾಳಿ

ಇದು ಸಣ್ಣ ಪ್ರಸಂಗ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗನ ತಂದೆ, ಗೌಡರು, ಮಗ ಏನು ಓದುತ್ತಿದ್ದಾನೆ ನೋಡಿಕೊಂಡು ಹೋಗೋಣವೆಂದು ಕಾಲೇಜಿಗೆ ಬಂದಿದ್ದರು. ದೊಡ್ಡ ಜಮೀನುದಾರರು, ಬಿಳೀ ಅಂಗಿ, ಕೈಯಲ್ಲಿ ಕೊಡೆ. ಹೆಡ್ ಸಾಹೇಬರು ಅವರಿಗೆ ಕಾಲೇಜಿನ ಹೆಮ್ಮೆಯ ಯಂತ್ರ ತೋರಿಸಿ ಎಂದು ನನ್ನ ಹತ್ತಿರ ಕಳಿಸಿದರು. ನಾನು ಫ್ಯಾನು ಹಾಕಿಸಿ, ಮಗನ ಕೈಯಲ್ಲೇ ಪ್ರಯೋಗ ಮಾಡಿಸಿದೆ. ಗೌಡರು ಯಂತ್ರದ ಬಾಯಿಯ ಹತ್ತಿರ ಹೋಗಿ ಗಾಳಿಗೆ ಕೈ ಒಡ್ಡಿ, ಸಂತೋಷಪಟ್ಟರು. ಭತ್ತ ತೂರೋಕೆ ಭೇಷಾಗಿದೆ ಎಂದರು. ಇದು ತೂರಲಿಕ್ಕಲ್ಲ, ಅಳೆಯಲಿಕ್ಕೆ ಎಂದೆ.

"ಅಳೆದು ಏನ್ಮಾಡ್ತೀರಿ?"

ಬರೆದುಕೊಳ್ಳುತ್ತೇವೆ ಎಂದೆ. ಬರೆದುಕೊಂಡು ಏನು ಮಾಡುತ್ತೀರಿ ಎಂದರು. ಪರೀಕ್ಷೆಯ ದಿನ ಮತ್ತೆ ಅಳೆಯುತ್ತಾರೆ ಎಂದೆ. ಗೌಡರು ಬಹಳ ಮರ್ಯಾದಸ್ಥರು, ಇನ್ನೇನೂ ಕೇಳಲಿಲ್ಲ. ಕೊಡೆ ಎತ್ತಿಕೊಂಡು, ಬರ್ತೀನಿ ಮೇಡಂ ಎಂದು ಕೈ ಮುಗಿದರು. ಬಾಗಿಲ ಹತ್ತಿರ ಹೋದ ಮೇಲೆ ಮಗನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

"ಗಾಳಿ ಮನೇಲೂ ಇತ್ತಲ್ಲೋ. ಹಾಸ್ಟೆಲ್ಲಿಗೆ ಯಾಕೆ ಬಂದೆ?"

ಮನೆ ಮಾಲು

ಯಂತ್ರದ ಜೊತೆ ಗಾಜಿನ ಕೊಳವೆಗೆ ಹಾಕುವ ಕೆಂಪು ಎಣ್ಣೆಯ ಒಂದು ಬಾಟಲಿ ಬರಬೇಕಿತ್ತು. ಬಾಟಲಿ ಬಂತು, ಎಣ್ಣೆ ದಾರಿಯಲ್ಲೇ ಉಳಿಯಿತು. ಬರೀ ನೀರು ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ. ಮೊದಲು ನೀರಿಗೆ ಕೆಂಪು ಶಾಯಿ ಬೆರೆಸಿದೆವು. ಮಳೆಗಾಲದಲ್ಲಿ ಅದರಲ್ಲಿ ಬೂಸ್ಟು ಬೆಳೆಯಿತು. ಗಾಳಿಯ ಒತ್ತಡಕ್ಕೆ ನೀರಿನ ಬದಲು ಬೂಸ್ಟು ಮೇಲೆ ಕೆಳಗೆ ಹೋಗತೊಡಗಿತು. ಹೊಸ ಎಣ್ಣೆಗೆ ಬರೆದದ್ದಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಪರಿಶೀಲನೆ ಎಂದರೆ ಏನೆಂದು ಸರ್ಕಾರಿ ನೌಕರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹೆಡ್ ಸಾಹೇಬರು ಬಂದು, ತಮ್ಮ ಮನೆಮಾತಿನಲ್ಲೇ ಅಭಯ ಕೊಟ್ಟರು.

"ಎಂತ ಹೆದರದು ಬ್ಯಾಡ. ಎಂಗಳ ಮನೆಲಿ ಇದ್ದು, ತಗಂಡು ಬತ್ತೆ."

ಸೋಮವಾರ ಊರಿನಿಂದ ಬರುವಾಗ ಒಂದು ಸೀಸೆ ತುಂಬ ಚೊಗರು ತಂದರು. ಚೊಗರು ಎಂದರೆ ಹಸಿ ಅಡಿಕೆ ಬೇಯಿಸಿದ ನೀರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿ, ಕುದಿಸಿ ಇಳಿಸಿದರೆ ಕಡು ಕೆಂಪಾಗಿ ಮಂದವಾಗುತ್ತದೆ. ಅಡಿಕೆಗೆ ಬಣ್ಣ ಬರಲು ಅದನ್ನೇ ಹಾಕುತ್ತಾರೆ. ಅದನ್ನು ತೆಳ್ಳಗೆ ಮಾಡಿ ಕೊಳವೆಗೆ ತುಂಬಿದೆವು. ಬೂಸ್ಟಿನ ಸುದ್ದಿಯಿಲ್ಲ, ಬಣ್ಣವೋ ಮಾಣಿಕ್ಯ. ಅಳತೆ ಪರೀಕ್ಷಿಸಿ ನೋಡಿದೆ, ಪುಸ್ತಕಕ್ಕೆ ಸರಿಯಾಗಿ ಬಂತು. ನನಗೆ ಹೆಡ್ ಸಾಹೇಬರ ಕಾಲಿಗೆ ಬೀಳಬೇಕೆನಿಸಿತು.

ಬೀಳದಿದ್ದದ್ದೇ ಒಳ್ಳೆಯದಾಯಿತು. ನಮ್ಮ ಫ್ಯಾನಿನ ರೆಗ್ಯುಲೇಟರು ಕೆಟ್ಟು ಒಂದೇ ವೇಗದಲ್ಲಿ ನಿಂತಿತ್ತು. ಹಾಗಾಗಿ ಯಾವ ಹುಡುಗ ಪ್ರಯೋಗ ಮಾಡಿದರೂ ಚೊಗರು ದಿನಾ ಅದೇ ಗೆರೆಯವರೆಗೆ ಏರುವುದು, ಇಳಿಯುವುದು. ತಿಂಗಳೆರಡಾಗುವಷ್ಟರಲ್ಲಿ ಆ ಗೆರೆಯವರೆಗೆ ಗಾಜಿನ ಒಳಗೆಲ್ಲ ಬಣ್ಣ ಕಚ್ಚಿಕೊಂಡಿತು. ಫ್ಯಾನು ಆರಿಸಿದರೆ ಚೊಗರು ಕೆಳಗಿಳಿಯುತ್ತಿತ್ತು, ಕಲೆ ಮಾತ್ರ ಮೇಲೇ ನಿಂತಿರುತ್ತಿತ್ತು. ಗಾಜಿನ ಹಿಂದಿನಿಂದ ಬಿಸಿಲು ಬಿದ್ದರೆ ಮಾತ್ರ ಯಾವುದು ನೀರು ಯಾವುದು ಕಲೆ ಎಂದು ಗೊತ್ತಾಗುವುದು. ಸೋಪು ಹಾಕಿದೆ, ಸೋಡಾ ಹಾಕಿದೆ, ಹುಣಿಸೆಹಣ್ಣು ಹಾಕಿದೆ, ತಂತಿಗೆ ಹತ್ತಿ ಸುತ್ತಿ ತಿಕ್ಕಿದೆ. ಗಾಜು ಸವೆಯಿತೇ ಹೊರತು ಕಲೆ ಹೋಗಲಿಲ್ಲ.

ಹೆಡ್ ಸಾಹೇಬರನ್ನು ಕರೆದು, ನೋಡಿ ಸಾರ್ ಎಂಥ ಗ್ರಹಚಾರ ಎಂದೆ. ಅವರು ಕೊಳವೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿ ಮೆಲ್ಲಗೆ ಒಂದು ತೃಪ್ತಿ ಮೂಡಿತು.

"ಸಾಗರದ ಮಂಡೀಲಿ ಈ ಬಣ್ಣಕ್ಕೆ ಫಸ್ಟ್ ರೇಟ್ ಹಾಕ್ತಾರೆ ಮೇಡಂ."

ಕಮಿಟಿ

ಕೊನೆಗೂ ಕಮಿಟಿ ಬಂತು, ಆಷಾಢದ ಮಳೆಯಲ್ಲಿ. ಇಬ್ಬರು. ಅಧ್ಯಕ್ಷರು ಬಯಲುಸೀಮೆಯ ಪ್ರೊಫೆಸರು. ಮಳೆಗೆ ಹೆದರಿ ಸ್ವೆಟರು, ಅದರ ಮೇಲೆ ಕೋಟು, ಕಿವಿಗೆ ಹತ್ತಿ, ಹತ್ತಿಯ ಮೇಲೆ ಮಂಕಿ ಕ್ಯಾಪು. ಮುಖದಲ್ಲಿ ಕನ್ನಡಕ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎರಡನೆಯವರು ತೀರ್ಥಹಳ್ಳಿ ಮೂಲದವರು ಎಂದು ಯಾರೋ ಹೇಳಿದರು. ಅವರಿಂದ ಏನೂ ತಿಳಿಯುವಂತಿರಲಿಲ್ಲ, ಬೆಳಗಿನಿಂದ ಬಾಯಿ ತುಂಬ ಎಲೆಯಡಿಕೆಯ ಕವಳ. ಏನು ಕೇಳಿದರೂ ಮೂಗಿನಲ್ಲೇ ಹ್ಞೂಂ ಎನ್ನುತ್ತಿದ್ದರು.

ಬೆಳಿಗ್ಗೆಯೇ ನಾನು ಯಂತ್ರ ಓಡಿಸಿ ನೋಡಿದ್ದೆ, ಎಲ್ಲ ಸರಿಯಿತ್ತು. ಸ್ಟಾಫ್ ರೂಮಿನ ಹಗ್ಗದಿಂದ ಬಟ್ಟೆಗಳನ್ನೂ ತೆಗೆಸಿದ್ದೆ. ಹೆಡ್ ಸಾಹೇಬರ ಪಂಚೆಯೊಂದು ಮಾತ್ರ ಉಳಿಯಿತು. ತುಸು ದೂರ ಸರಿಸಿದ್ದೀನಿ, ರೀಡಿಂಗಿಗೆ ಅಡ್ಡ ಬರಲ್ಲ, ಸಂಜೆ ನಾನು ಏನು ಉಟ್ಟುಕೊಂಡು ಹೋಗಲಿ ಎಂದರು ಅವರು. ಮನೆಯಲ್ಲಿ ಯಜಮಾನರು ದೇವರಿಗೆ ಒಂದು ತೆಂಗಿನಕಾಯಿ ತೆಗೆದಿಟ್ಟಿದ್ದರು. ವಿಜ್ಞಾನದ ಮೇಷ್ಟ್ರು ಅವರು, ಎಂದೂ ಹಾಗೆಲ್ಲ ಮಾಡಿದವರಲ್ಲ.

ನಮ್ಮ ಲ್ಯಾಬಿನ ಮಾಡು ತಗಡಿನದ್ದು. ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಟ್ಯೂಬ್‌ಲೈಟು ಕೆಟ್ಟು ವರ್ಷವಾಗಿತ್ತು, ಹಗಲೇ ಮಬ್ಬು. ಅಧ್ಯಕ್ಷರು ಜೇಬಿನಿಂದ ಟಾರ್ಚು ತೆಗೆದರು. ಫ್ಯಾನು ಹಾಕಿದೆವು. ಅವರು ಯಂತ್ರವನ್ನು ಸುತ್ತು ಹಾಕಿ, ಕೊಳವೆಯ ಓರೆ ಅಳೆದು, ಕನ್ನಡಕ ಒರೆಸಿಕೊಂಡು, ಗಾಜಿನ ಮೇಲೆ ಬಗ್ಗಿದರು.

ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಲಿಂಗನಮಕ್ಕಿ ಅಣೆಕಟ್ಟು ನಮ್ಮ ತಾಲೂಕಿನಲ್ಲೇ ಇದೆ. ನಮ್ಮ ಹೊಳೆಯ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಬೆಂಗಳೂರಿಗೆ ಹೋಗುತ್ತದೆ. ನಮಗಿರುವುದು ತಂತಿ ನೋಡುವ ಭಾಗ್ಯ. ಫ್ಯಾನು ನಿಂತದ್ದು ಮಳೆಯ ಸದ್ದಿನಲ್ಲಿ ನನಗೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಪಂಚೆಯಿಂದ. ಬಾಗಿಲಿನಾಚೆ ಅಲ್ಲಿಯವರೆಗೆ ಹಾರಾಡುತ್ತಿದ್ದ ಹೆಡ್ ಸಾಹೇಬರ ಪಂಚೆ ಒಮ್ಮೆಗೇ ಸಪ್ಪಗೆ ಜೋತುಬಿತ್ತು. ಹೆಡ್ ಸಾಹೇಬರು ಪಂಚೆ ನೋಡಿದರು, ನನ್ನನ್ನು ನೋಡಿದರು. ಬಾಗಿಲಿಗೆ ಒರಗಿ ನಿಂತಿದ್ದ ತೀರ್ಥಹಳ್ಳಿಯವರು ಕವಳ ಅಗಿಯುತ್ತ ಎಲ್ಲೋ ನೋಡುತ್ತಿದ್ದರು.

ನಾನು ಗಟ್ಟಿಯಾಗಿ, ಸಾರ್ ಕರೆಂಟು ಎಂದೆ. ಅಧ್ಯಕ್ಷರು ಬಗ್ಗಿದಲ್ಲಿಂದಲೇ ಒಂದು ಕೈ ಎತ್ತಿ ತಡೆದರು. ಇನ್ನೂ ಹತ್ತಿರ ಹೋಗಿ, ಕರೆಂಟು ಹೋಯ್ತು ಸಾರ್ ಎಂದೆ. ಮಂಕಿ ಕ್ಯಾಪಿನ ಒಳಗಿಂದ ಸಿಡಿಮಿಡಿಯ ಉತ್ತರ ಬಂತು.

"ನಾನು ರೀಡಿಂಗ್ ತಗೊಳ್ಳುವಾಗ ಯಾರೂ ಮಾತಾಡಬಾರದು."

ಆಮೇಲೆ ಯಾರೂ ಮಾತಾಡಲಿಲ್ಲ. ಅವರು ಕಲೆಯ ಮೇಲೆ ಟಾರ್ಚು ಬಿಟ್ಟು, ಎಡಗಣ್ಣು ಮುಚ್ಚಿ ಒಮ್ಮೆ ನೋಡಿದರು, ಬಲಗಣ್ಣು ಮುಚ್ಚಿ ಒಮ್ಮೆ ನೋಡಿದರು. ಸ್ವಲ್ಪ ಹೊತ್ತು ಕಾದು ಮತ್ತೆ ನೋಡಿದರು. ಕಲೆ ಎಲ್ಲಿಗೆ ಹೋಗುತ್ತದೆ, ಇದ್ದಲ್ಲೇ ಇತ್ತು. ಗುಣಿಸಿದರು, ಭಾಗಿಸಿದರು, ವರ್ಗಮೂಲ ತೆಗೆದರು. ಉತ್ತರ ಪುಸ್ತಕಕ್ಕೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಬಂತು. ಟಾರ್ಚು ಆರಿಸಿ, ನೆಟ್ಟಗೆ ನಿಂತು, ಆ ದಿನ ಮೊದಲ ಬಾರಿಗೆ ನಕ್ಕರು. ಬೇರೆ ಕಾಲೇಜುಗಳಲ್ಲಿ ರೀಡಿಂಗು ಒಂದೇ ಸಮನೆ ನಡುಗುತ್ತದೆ, ಕಣ್ಣು ನೋಯುತ್ತದೆ, ಇಷ್ಟು ಸ್ಥಿರವಾದ ಗಾಳಿಯನ್ನು ನನ್ನ ಸರ್ವೀಸಿನಲ್ಲೇ ನೋಡಿಲ್ಲ ಎಂದರು. ಗಾಳಿ ನಿಂತು ಕಾಲು ಗಂಟೆಯಾಗಿತ್ತು. ಅದಕ್ಕಿಂತ ಸ್ಥಿರವಾಗಿ ಯಾವ ಗಾಳಿಯೂ ಬೀಸಲಾರದು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಗಾಜನ್ನು ಬೆರಳಿನಿಂದ ತಟ್ಟಿ, ಈ ಲಿಕ್ವಿಡ್ ಯಾವುದು, ಎಲ್ಲಿಂದ ತರಿಸಿದಿರಿ, ಎಲ್ಲ ಕಾಲೇಜಿಗೂ ಶಿಫಾರಸು ಮಾಡಬೇಕು ಎಂದರು. ಹೆಡ್ ಸಾಹೇಬರು ಎಂದೂ ಇಲ್ಲದಂತೆ ಮಾಡಿನ ತಗಡು ನೋಡುತ್ತ ನಿಂತರು. ರಾಯಚೂರಿನ ಬಿಸಿಲು ನನ್ನ ಕಣ್ಣ ಮುಂದೆ ಬಂತು.

ಆಗ ತೀರ್ಥಹಳ್ಳಿಯವರು ಬಾಗಿಲು ಬಿಟ್ಟು ನಿಧಾನವಾಗಿ ಕಿಟಕಿಯ ಹತ್ತಿರ ಹೋದರು. ಮಳೆಗೆ ಕವಳ ಉಗಿದರು. ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟು, ಅಧ್ಯಕ್ಷರ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದರು:

"ಲೋಕಲ್ ಮೇಕ್ ಸಾರ್. ನಮ್ಮ ಕಡೆ ಬಿಟ್ರೆ ಬೇರೆಲ್ಲೂ ಸಿಗೋದಿಲ್ಲ. ಸಹಿ ಹಾಕಿ, ಊಟಕ್ಕೆ ಹೊತ್ತಾಯ್ತು."

ಅಧ್ಯಕ್ಷರು ಸಹಿ ಹಾಕಿದರು. ಅದರ ಕೆಳಗೆ ತೀರ್ಥಹಳ್ಳಿಯವರೂ ಹಾಕಿದರು. ಯಂತ್ರ ಸಾಗರದಲ್ಲೇ ಇರಲಿ ಎಂದಾಯಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಊಟವಾದ ಮೇಲೆ ಅವರನ್ನು ಕಾರಿನವರೆಗೆ ಕಳಿಸಲು ಕೊಡೆ ಹಿಡಿದು ಹೋದೆ. ಅಧ್ಯಕ್ಷರು ಒಳಗೆ ಕೂತು ಮಂಕಿ ಕ್ಯಾಪು ಸರಿಮಾಡಿಕೊಳ್ಳುತ್ತಿದ್ದರು. ತೀರ್ಥಹಳ್ಳಿಯವರು ಬಾಗಿಲ ಹತ್ತಿರ ನಿಂತು, ಹೊಸ ಕವಳಕ್ಕೆ ಸುಣ್ಣ ಹಚ್ಚುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದರು.

"ಕರೆಂಟ್ ಹೋಗಿದ್ದು ನಿಮ್ಮ ಹೆಡ್ಡಿನ ಪಂಚೆಗೆ ಗೊತ್ತಾಯ್ತು, ನಮ್ಮ ಸಾಹೇಬ್ರಿಗೆ ಗೊತ್ತಾಗಲಿಲ್ಲ. ಇರ್ಲಿ ಬಿಡಿ, ಬೆಳಿಗ್ಗೆ ನೀವು ಓಡಿಸಿ ನೋಡುವಾಗ ನಾನು ಕಿಟಕಿ ಹೊರಗೇ ಇದ್ದೆ. ಅಳತೆ ಸರಿಯಾಗೇ ಇತ್ತು."

ಆ ಕೊಳವೆ ಬದಲಾಯಿಸುತ್ತೇನೆ ಸಾರ್, ಎಷ್ಟು ತಿಕ್ಕಿದರೂ ಕಲೆ ಹೋಗುತ್ತಿಲ್ಲ ಎಂದೆ. ಅವರು ಕವಳ ಬಾಯಿಗಿಟ್ಟುಕೊಂಡು ಕಾರು ಹತ್ತಿದರು. ಗಾಜು ಏರಿಸುವ ಮುಂಚೆ ತಲೆ ಹೊರಗೆ ಹಾಕಿದರು.

"ಹೋಗಲ್ಲ ಬಿಡಿ ಮೇಡಂ. ನನ್ನ ಮದುವೆ ಪಂಚೆ ಮೇಲೆ ಚೊಗರು ಬಿದ್ದು ಇಪ್ಪತ್ತು ವರ್ಷ ಆಯ್ತು. ಇವತ್ತಿಗೂ ಅದೇ ರೀಡಿಂಗು."